ಈ ಸಲ ಕಿಟಕಿಯ ಹೊರಗೆ ನಿಲ್ಲುವುದಿಲ್ಲ

ಪಿಟೀಲಮ್ಮಾ,

ಬೇಕರಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಒಲೆಯ ಮೇಲೆ ಉಕ್ಕಿದ್ದನ್ನು ದಯವಿಟ್ಟು ಒರೆಸು.

ನಿನ್ನೆ ಡಾಕ್ಟರ್ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ, ಅಲರ್ಜಿಯಿಂದ ನಿನ್ನ ಬದುಕಿಗೆ ಯಾವುದು ಎಷ್ಟು ಕಷ್ಟ ಅಂತ ಅಂಕ ಕೊಡಿಸಿದರಲ್ಲ, ಅದೇ ತಲೆಯಲ್ಲಿದೆ. ಗೊತ್ತಿಲ್ಲದೆ ಕಡಲೆಕಾಯಿ ತಿಂದುಬಿಡುವ ಭಯಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ. ನೀನು ಪೂರ್ತಿ ಅಂಕ ಕೊಟ್ಟಿದ್ದು ಅಪ್ಪನ ಕಾವಲಿಗೆ. ಎರಡನ್ನೂ ನಮ್ಮೆದುರೇ ಓದಿ ಡಾಕ್ಟರ್ ನಗು ತಡೆದುಕೊಂಡರು, ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದು ಅದಕ್ಕೇ. ಆಮೇಲೆ ನೀನು, "ಹೋದ್ಸಲ ಪಾರ್ಟೀಲಿ ನೀವು ಕಿಟಕಿ ಹೊರಗೆ ನಿಂತಿದ್ರಲ್ಲಪ್ಪಾ, ಎಲ್ರೂ ನಿಮ್ಗೆ ಟಾಟಾ ಮಾಡ್ತಿದ್ರು" ಅಂದೆ. ನನಗೂ ನಗು ಬಂತು.

ಇವತ್ತು ಗೆಳತಿಯ ಹುಟ್ಟುಹಬ್ಬಕ್ಕೆ ನೀನೊಬ್ಬಳೇ ಹೋಗು. ಇಂಜೆಕ್ಷನ್ ಪೆನ್ನು ಎರಡೂ ಚೀಲದಲ್ಲಿವೆ, ಚೀಲ ನಿನ್ನ ಹೆಗಲ ಮೇಲೇ ಇರಲಿ. ಕೇಕಿಗೆ ಏನೇನು ಹಾಕಿದ್ದಾರೆ ಅಂತ ನೀನೇ ಬಾಯಿಬಿಟ್ಟು ಕೇಳು. ಅನುಮಾನ ಬಂದರೆ ಮುಟ್ಟಬೇಡ. ಉಸಿರು ಬಿಗಿಯಾದರೆ, ಗಂಟಲು ಊದಿದರೆ ಮೊದಲು ಚುಚ್ಚಿಕೋ, ಕೂಡಲೇ ಅವರಿಗೆ ಹೇಳಿ ಆಂಬುಲೆನ್ಸ್ ಕರೆಸು, ನನಗೆ ಆಮೇಲೆ.

ನಾನಾಗಿ ಫೋನ್ ಮಾಡುವುದಿಲ್ಲ. ನೀನೂ ಮಾಡಬೇಡ ಅಂತ ಅಮ್ಮನಿಗೆ ಹೇಳಿದೆ. "ಮೊದ್ಲು ನೀವು ಸುಮ್ನಿರಿ" ಅಂದಳು.

ಇವತ್ತು ನಮ್ಮ ಬೇಕರಿಯಲ್ಲಿ ಕಡಲೆಕಾಯಿ ಬಿಸ್ಕತ್ತು ಮಾಡುವ ಸರದಿ. ಬಂದವನೇ ಸ್ನಾನ ಮಾಡುತ್ತೇನೆ, ಅಲ್ಲಿಯವರೆಗೆ ಹತ್ತಿರ ಬರಬೇಡ. ಏನು ತಿಂದೆ ಅಂತ ಕೇಳುವುದಿಲ್ಲ. ಮಜಾ ಬಂತಾ ಅಂತ ಕೇಳುತ್ತೇನೆ.

ಅಪ್ಪ