ಮಹಡಿಯ ಮೂಲೆ ಕೋಣೆ

ಮಾರ್ಚ್ 4
ಮತ್ತೆ ಮೂಲೆ ಕೋಣೆ. ಡಾಕ್ಟರ ಮನೆ ಮ್ಯೂಸಿಯಂ ಆದ ಹೊಸದರಲ್ಲಿ ಇಲ್ಲಿ ಅವರ ದೊಡ್ಡ ಮಂಚ ಇತ್ತಂತೆ. ನಾನು ಕೆಲಸಕ್ಕೆ ಸೇರುವಷ್ಟರಲ್ಲಿ ಓದುವ ಕೋಣೆಯಾಗಿತ್ತು. ಮೇಜು, ಕಪಾಟು, ಕನ್ನಡಕ. ಹೊಸ ಡೈರೆಕ್ಟರಿಗೆ ಅದೂ ಬೇಡ. "ಮನೆಯವರು ಬದುಕಿದ್ದಾಗ ಹೇಗಿತ್ತೋ ಹಾಗೇ ಮಾಡಿ ಮೇಡಂ." ಪಾಪ, ಕೋಣೆಗೂ ವರ್ಗಾವಣೆ ತಪ್ಪಿದ್ದಲ್ಲ.

ಮಾರ್ಚ್ 6
ಬಡಗಿ ಕಪಾಟು ಸರಿಸಿದ. ಹಿಂದೆ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಅಂಗೈಯಗಲ ಜಾಗ ಸವೆದು ನುಣ್ಣಗಾಗಿದೆ. ಕೆಳಗೆ ನೆಲದ ಹಲಗೆಯಲ್ಲಿ ಮಂಚದ ಕಾಲಿನ ಗುಳಿಗಳು. ದೊಡ್ಡ ಮಂಚದ್ದಲ್ಲ. ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ. ಇಷ್ಟು ವರ್ಷ ಓಡಾಡಿದ್ದೇನೆ... ಕಣ್ಣಿಗೇ ಬಿದ್ದಿರಲಿಲ್ಲ.

ಮಾರ್ಚ್ 11
ಫೋನ್ ಮಾಡಿ ಡಾಕ್ಟರ ಮಗಳನ್ನು ಕರೆಸಿದೆ. ಎಂಬತ್ತು ದಾಟಿದೆ. ಕೋಲೂರಿಕೊಂಡು ಬಂದವರು ಗೋಡೆ ಕಂಡದ್ದೇ ನಿಂತುಬಿಟ್ಟರು.
"ಅಕ್ಕ" ಎಂದರು.
ಡಾಕ್ಟರಿಗೆ ಒಬ್ಬಳೇ ಮಗಳು ಎಂದು ಹಾಲ್‌ನ ಬೋರ್ಡಿನಲ್ಲಿ ನಾವೇ ಬರೆಸಿದ್ದೇವೆ.
"ಅವಳಿಗೆ ವಯಸ್ಸಿಗೆ ತಕ್ಕ ಬುದ್ಧಿ ಬರ್ಲಿಲ್ಲ. ಅಪ್ಪ ಊರಿಗೇ ಡಾಕ್ಟರು ನೋಡಿ... ಮನೆಗೆ ಜನ ಬಂದ್ರೆ ಬಾಗಿಲು ಹಾಕೋರು. ಆಮೇಲಾಮೇಲೆ ತೆಗೀತಾನೇ ಇರ್ಲಿಲ್ಲ. ಗೋಡೆ ಸವರ್ತಾ ಕೂತಿರೋಳು. ನಾನು ಚಿಕ್ಕೋಳು. ಬಾಗಿಲಾಚೆ ಕೂತು ಮಾತಾಡ್ಸ್ತಿದ್ದೆ."
"ಆಮೇಲೆ?"
"ಜ್ವರ ಬಂತು, ಹೋದ್ಲು. ಮಾರನೇ ದಿನವೇ ಮಂಚ ಹೊರಗೆ ಹಾಕಿದ್ರು. ಅಪ್ಪ ಇಲ್ಲಿ ಕಪಾಟು ತಂದಿಟ್ರು."

ಮಾರ್ಚ್ 13
ಆ ಕೋಣೆಗೆ ಕಾಲಿಟ್ಟರೆ ದನಿ ತಾನಾಗಿ ತಗ್ಗುತ್ತದೆ. ಬಡಗಿ ಊಟದ ಡಬ್ಬಿಯನ್ನು ವರಾಂಡಕ್ಕೆ ಒಯ್ದ. ಮಧ್ಯಾಹ್ನ, ಒಳಗೆ ಯಾರೂ ಇಲ್ಲದಾಗ, ಮೆಲ್ಲಗೆ ಸವರುವ ಸದ್ದು. ಪಾರಿವಾಳ ಇರಬೇಕು.
ಕಿಟಕಿ ಮುಚ್ಚಿತ್ತು.

ಮಾರ್ಚ್ 28
ಹಳೆಯ ಮರದಲ್ಲೇ ಮಂಚ ಮಾಡಿಸಿದೆ. ಕಾಲುಗಳು ಗುಳಿಗಳಲ್ಲಿ ಸರಿಯಾಗಿ ಕೂತವು. ಹಾಲ್‌ನ ಬೋರ್ಡೂ ಬದಲಾಯಿತು. ಡೈರೆಕ್ಟರಿಗೆ ಖುಷಿಯೋ ಖುಷಿ: "ಇನ್ನು ಜನ ಈ ಕೋಣೆ ನೋಡೋಕೇ ಬರ್ತಾರೆ." ನನಗೂ ಹೆಮ್ಮೆ, ಸುಳ್ಳೇಕೆ. ಮುಚ್ಚಿಟ್ಟವಳಿಗೆ ಅವಳ ಜಾಗ ಕೊಟ್ಟೆವಲ್ಲ. ನಾಡಿದ್ದು ತೆರೆಯುತ್ತೇವೆ. ನಾಳೆ ಡಾಕ್ಟರ ಮಗಳಿಗೆ ತೋರಿಸಬೇಕು.

ಮಾರ್ಚ್ 29, ಸಂಜೆ
ಬಂದರು. ಮಂಚ ನೋಡಿದರು. ಮುಟ್ಟಲಿಲ್ಲ.
"ಮತ್ತೆ ಇಲ್ಲೇ ತಂದು ಕೂಡಿಹಾಕಿದ್ರಾ?"
"ಅವರ ನೆನಪಿಗೆ ಅಂತ, ಅಮ್ಮಾ..."
"ನೆನಪಿಗೆ ನಾನಿದೀನಲ್ಲ. ಅವಳು ದಿನಾ ಒಂದೇ ಕೇಳ್ತಿದ್ದಿದ್ದು: ಹೊರಗೆ ಯಾವಾಗ ಹೋಗೋಣ ಅಂತ."
ಆಮೇಲೆ ಎಡಗೈಯನ್ನು ತುಸು ಮೇಲಕ್ಕೆ ಚಾಚಿದರು, ಪುಟ್ಟ ಹುಡುಗಿ ದೊಡ್ಡವರ ಕೈ ಹಿಡಿಯುವ ಹಾಗೆ.
"ಬಾರೇ ಅಕ್ಕ. ಹೋಗೋಣ."
ಮೆಟ್ಟಿಲು ಮೆಟ್ಟಿಲಿಗೂ ನಿಂತರು. ಪಕ್ಕಕ್ಕೆ ತಿರುಗಿ, "ನಿಧಾನ, ಅವಸರ ಏನಿಲ್ಲ" ಎನ್ನುತ್ತ ಇಳಿದರು. ನಾನು ಹಿಂದೆ. ಅವರ ಎಡಕ್ಕೆ ಹೋಗಲು ಧೈರ್ಯ ಬರಲಿಲ್ಲ.
ಗೇಟಿನ ಬಳಿ ಡ್ರೈವರ್ ಕಾರಿನ ಒಂದು ಬಾಗಿಲು ತೆಗೆದ. ಅವರು ಹತ್ತಿ ಕೂತರು.
"ಆ ಕಡೇದೂ ತೆಗಿಯಪ್ಪ."
ಅವನು ನನ್ನ ಮುಖ ನೋಡಿದ. ನಾನೇ ಸುತ್ತಿ ಹೋಗಿ ತೆಗೆದೆ. ಕಾದೆ. ಎಷ್ಟು ಹೊತ್ತು ಕಾಯಬೇಕೋ ತಿಳಿಯಲಿಲ್ಲ. ರಸ್ತೆಯಲ್ಲಿ ಗಾಳಿ ಕೂಡ ಇರಲಿಲ್ಲ. ಆಗ, ಅವರ ಪಕ್ಕದ ಸೀಟು ಮೆಲ್ಲಗೆ ತಗ್ಗಿತು.