ಎಡಗಿವಿಯಲ್ಲಿ ಕೇಳಿದ್ದು

ಹೊಸೂರು

ಡಾಕ್ಟರ್ ಶ್ರೀಪತಿಯವರಿಗೆ ನಮಸ್ಕಾರ.

ಇದನ್ನು ನಿಮಗೆ ತಿಳಿಸದೆ ಬಿಡುವುದರಲ್ಲಿದ್ದೆ: ಮೊನ್ನೆ ನಿಮ್ಮ ಕೋಣೆಯಲ್ಲಿ ನನ್ನ ಗಂಡ ಮುರಳಿ ಹೇಳಿದ್ದು ನನಗೆ ಕೇಳಿಸಿತು.

ನನ್ನ ಎಡಗಿವಿಯ ನರದ ಮೇಲಿನ ಗಂಟಿಗೆ ವಿಕಿರಣವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹಾಯಿಸಬಹುದು, ಆದರೆ ಪಕ್ಕದ ಒಳಗಿವಿಯನ್ನು ಉಳಿಸಲು ಹೊರಟರೆ ಗಂಟಿನ ಅಂಚಿಗೆ ಸ್ವಲ್ಪ ಕಡಿಮೆ ಬೀಳಬಹುದು, ಅಲ್ಲಿಂದ ಗಂಟು ಮತ್ತೆ ಬೆಳೆಯಬಹುದು ಎಂದು ನೀವು ವಿವರಿಸಿದಿರಿ. ಆಗ ಮುರಳಿ ನನ್ನ ಎಡಕ್ಕೆ ಬಂದು ನಿಂತು, ಮೆಲ್ಲಗೆ, "ಕಿವಿ ಹೋದ್ರೆ ಹೋಗ್ಲಿ ಬಿಡಿ ಸಾರ್, ಇನ್ನೊಂದೈತಲ್ಲ" ಎಂದರು. ನೀವು ತಲೆಯಾಡಿಸಿದಿರಿ.

ಕಾಯಿಲೆ ಗೊತ್ತಾದಾಗಿನಿಂದ ನಮ್ಮ ಮನೆಯಲ್ಲಿ ನನಗೆ ಹೇಳಬೇಕಾದ್ದನ್ನು ಬಲಗಡೆ ಕೂತು ಹೇಳುತ್ತಾರೆ, ನನಗೆ ಕೇಳಬಾರದ್ದನ್ನು ಎಡಗಡೆ ಮಾತಾಡಿಕೊಳ್ಳುತ್ತಾರೆ. ಮಂದವಾಗಿಯಾದರೂ ಆ ಕಿವಿಗೆ ಇನ್ನೂ ಕೇಳುತ್ತದೆ. ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಆ ಕಡೆಯ ಮಾತೂ ನಿಂತುಹೋಗುತ್ತದೆ.

ಮುರಳಿಯದು ಹೆದರಿಕೆ, ಕೆಟ್ಟತನವಲ್ಲ. ಅಥವಾ ಹಾಗೆ ಅಂದುಕೊಂಡರೆ ಅವರ ಜೊತೆ ಬದುಕುವುದು ನನಗೆ ಸುಲಭವೋ ಏನೋ.

ಇಪ್ಪತ್ತೈದರಂದು ಚಿಕಿತ್ಸೆಗೆಂದು ತಲೆಗೆ ಚೌಕಟ್ಟು ಬಿಗಿದು ಯಂತ್ರಕ್ಕೆ ಸೇರಿಸಿದ ಮೇಲೆ ನಾನು ಕತ್ತು ಹೊರಳಿಸಲಾರೆ. ಏನೇ ತೀರ್ಮಾನಿಸಬೇಕಿದ್ದರೂ ನೀವು ಹೊರಗಿರುವ ಮುರಳಿಯನ್ನು ಕೇಳುತ್ತೀರಿ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಗುರಿಯ ಲೆಕ್ಕ ಹಾಕುವಾಗ ಒಳಗಿವಿಯನ್ನು ಉಳಿಸಲು ನೋಡಿ. ಅಂಚಿನ ಅಪಾಯ ನನಗಿರಲಿ. ಉತ್ತರವನ್ನು ದಯವಿಟ್ಟು ಲಕೋಟೆಯ ಹಿಂದೆ ಬರೆದಿರುವ, ನಾನು ಪಾಠ ಹೇಳುವ ಶಾಲೆಯ ವಿಳಾಸಕ್ಕೆ ಕಳಿಸಿ, ಮನೆಗೆ ಬೇಡ.

ಇಂತಿ,
ನಂದಿತಾ

ವಿ.ಸೂ.: ದಿನವೂ ನನ್ನನ್ನು ಶಾಲೆಗೆ ಮುರಳಿಯೇ ಸ್ಕೂಟರಿನಲ್ಲಿ ಬಿಡುತ್ತಾರೆ. ಗುರುವಾರ ಅವರಿಗೆ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟ್, ನಾನೊಬ್ಬಳೇ ನಡೆದು ಹೋಗುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದು ಅಂದೇ, 14 ಜೂನ್ 2007.