ಅಟ್ಟದ ಮೂಲೆಯ ಕಾಯಿ

೧೪ ಮಾರ್ಚ್ ೨೦೦೧, ಬುಧವಾರ

ಇಪ್ಪತ್ತೊಂಬತ್ತು ವರ್ಷದ ಮಗನನ್ನು ಇನ್ನೆಷ್ಟು ದಿನ ಸಾಕುವುದು ಎಂದು ಬೆಳಿಗ್ಗೆಯೂ ಬೈದೆ. ನಾಲ್ಕು ಕೆಲಸ ಬಿಟ್ಟು ಬಂದವನು, ಹಗಲೆಲ್ಲ ಅಟ್ಟದಲ್ಲಿ ಒಣಗುವ ಕಾಯಿಗಳ ಪಕ್ಕ ಮಲಗಿರುತ್ತಾನೆ.

ಇವತ್ತು ಕೊಬ್ಬರಿಗೆ ಕಾಯಿ ಒಡೆಸುವಾಗ ಚಿತ್ತೇಶ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, "ಈ ಮೂಲೇವು ಒಡಿಸ್ಬ್ಯಾಡ ಕಣಪ್ಪ, ಇನ್ನೂ ಚಿಪ್ಪು ಬಿಟ್ಟಿಲ್ಲ" ಎಂದ.

"ನಂಗೇ ಹೇಳ್ಕೊಡ್ತೀಯೇನ್ಲಾ?"

ಹಟಕ್ಕೆ ಒಡೆಸಿದೆ. ಹತ್ತಕ್ಕೆ ಹತ್ತೂ ಹಸಿ, ಚಿಪ್ಪಿಗೆ ಅಂಟಿಕೊಂಡು ಚೂರಾದವು. ಅವನು ಆರಿಸಿಕೊಟ್ಟವೆಲ್ಲ ಬಿರುಕಿಲ್ಲದ ಉಂಡೆ ಕೊಬ್ಬರಿ! ಸೋತವನು ನಾನು, ಮೀಸೆ ತಿರುವಿದವನೂ ನಾನೇ.

ಸಂಜೆ ಪಕ್ಕದ ಮನೆಯ ಕ್ಯಾತಮ್ಮ ಬಂದಳು. ಇಷ್ಟು ವರ್ಷ ಅವನ ಮೇಲೆ ದೂರು ಹೇಳಿದವಳು.

"ಅಣ್ಣ, ನಾಳೆ ನಮ್ಮಟ್ಟಕ್ಕೂ ಚಿತ್ತೇಶನ್ನ ಕಳ್ಸು."

"ಅವನ್ನೇ ಕೇಳವ್ವ," ಎಂದೆ, "ಬಿಡುವೈತೋ ಇಲ್ವೋ."